ಆಶಯ ಯಾರದು, ಮಾತು ಯಾರದು?

ತದಡಿಯ ಬಂದರಿನಲ್ಲಿ ಒಂದು ಕಲೋತ್ಸವ ನಡೆಯುತ್ತದೆ, ಅದಕ್ಕೆ ‘ಕಡಲು’ ಎಂಬ ಆಶಯ ಇಟ್ಟಿದ್ದಾರೆ ಎಂದು ಭಾವಿಸೋಣ. ಮೇಲ್ನೋಟಕ್ಕೆ ಇಷ್ಟು ನಿರುಪದ್ರವಿಯಾದ ವಿಷಯ ಇನ್ನೊಂದಿಲ್ಲ. ಆದರೆ ಅಘನಾಶಿನಿ ಸಮುದ್ರ ಸೇರುವ ಈ ಊರಿನಲ್ಲಿ ಕಡಲೆಂದರೆ ಬರಿಯ ನೋಟವಲ್ಲ. ದೋಣಿಯವನಿಗೆ ಅದು ದುಡಿಮೆ. ಅಳಿವೆಯಲ್ಲಿ ಬಳಚು ಹೆಕ್ಕುವ ಹೆಂಗಸರಿಗೆ ಅದು ಅಂದಿನ ಅನ್ನ. ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವನಿಗೆ ಅದು ಉಪ್ಪುನೀರಿನ ಲೆಕ್ಕಾಚಾರ. ಇಲ್ಲಿ 4,000 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರ ಸ್ಥಾಪಿಸುವ ಪ್ರಸ್ತಾಪ ಬಂದಾಗ ಜನ ಎದ್ದು ನಿಂತು ವಿರೋಧಿಸಿದ್ದರು; ಯೋಜನೆ ಕೈಗೂಡಲಿಲ್ಲ. ದೊಡ್ಡ ಬಂದರಿನ ಮಾತು ಬಂದಾಗಲೂ ಅಭಿಪ್ರಾಯ ಒಂದೇ ಆಗಿರಲಿಲ್ಲ. ಇಂಥ ಊರಿನಲ್ಲಿ ವೇದಿಕೆಯೇರಿ ಕಡಲಿನ ಬಗ್ಗೆ ಮಾತನಾಡುವವರು ಯಾರು? ಆಶಯದ ನಿಜವಾದ ಪರೀಕ್ಷೆ ಇರುವುದು ಈ ಪ್ರಶ್ನೆಯಲ್ಲಿ.

ಕರ್ನಾಟಕದಲ್ಲಿ ಇದಕ್ಕೆ ಹತ್ತಿರದ ನಿದರ್ಶನ ಮೈಸೂರಿನ ‘ಬಹುರೂಪಿ’ ರಾಷ್ಟ್ರೀಯ ನಾಟಕೋತ್ಸವ. ಇದನ್ನು ನಡೆಸುವ ರಂಗಾಯಣ 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ಸರ್ಕಾರಿ ರೆಪರ್ಟರಿ. ಬಹುರೂಪಿಗೆ ಒಂದು ಆಶಯವನ್ನು ಆರಿಸಿಕೊಳ್ಳುವುದು ವಾಡಿಕೆ. 2020ರಲ್ಲಿ ಅದು ‘ಗಾಂಧಿ ಪಥ’ ಆಗಿತ್ತು. 2021ರ ಡಿಸೆಂಬರಿನಲ್ಲಿ ನಡೆಯಬೇಕಿದ್ದ ಉತ್ಸವಕ್ಕೆ ‘ತಾಯಿ’ ಎಂಬ ಆಶಯವನ್ನು ಗೊತ್ತುಮಾಡಲಾಯಿತು.

ತಾಯಿ ಎಂಬ ಮಾತಿಗೆ ಯಾರ ತಕರಾರೂ ಇರಲಿಲ್ಲ. ವಿವಾದ ಎದ್ದದ್ದು ಅತಿಥಿಗಳ ಪಟ್ಟಿ ಹೊರಬಿದ್ದಾಗ. ಮಾಳವಿಕಾ ಅವಿನಾಶ್ ಮತ್ತು ಚಕ್ರವರ್ತಿ ಸೂಲಿಬೆಲೆ ಅವರನ್ನು ಆಹ್ವಾನಿಸಿದ್ದನ್ನು ಹಲವು ರಂಗಕರ್ಮಿಗಳು, ಸಾಹಿತಿಗಳು ವಿರೋಧಿಸಿದರು. ಒಂದು ರಾಜಕೀಯ ನಿಲುವಿಗೆ ಹೆಸರಾದವರನ್ನು ಸಾರ್ವಜನಿಕ ರಂಗಸಂಸ್ಥೆಯ ವೇದಿಕೆಗೆ ಕರೆಯುವುದು ತರವಲ್ಲ ಎಂಬುದು ಅವರ ವಾದ. ಒಂದೇ ವಿಚಾರದವರಿಗೆ ವೇದಿಕೆ ಮೀಸಲೇ ಎಂಬುದು ಆಹ್ವಾನವನ್ನು ಸಮರ್ಥಿಸಿದವರ ಮರುಪ್ರಶ್ನೆ. ಆಗಿನ ನಿರ್ದೇಶಕ ಅಡ್ಡಂಡ ಸಿ. ಕಾರ್ಯಪ್ಪ ತಮ್ಮ ಆಯ್ಕೆಯ ಬೆನ್ನಿಗೆ ನಿಂತರು. ಮುಂದೂಡಿದ ಉತ್ಸವ ನಡೆದದ್ದು 2022ರ ಮಾರ್ಚಿನಲ್ಲಿ. ಇಷ್ಟೆಲ್ಲದರ ನಡುವೆ ತಾಯಿಯ ಕುರಿತು ರಂಗಭೂಮಿ ಏನು ಹೇಳಬಹುದಿತ್ತು ಎಂಬ ಚರ್ಚೆ ಹಿಂದೆ ಸರಿಯಿತು.

ಹೊರದೇಶದಲ್ಲೂ ಹೀಗೇ ಆದದ್ದುಂಟು. ಜರ್ಮನಿಯ ಕಾಸೆಲ್ ನಗರದಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ ‘ಡಾಕ್ಯುಮೆಂಟಾ’ ಜಗತ್ತಿನ ಹೆಸರಾಂತ ಕಲಾ ಪ್ರದರ್ಶನಗಳಲ್ಲಿ ಒಂದು. 2022ರಲ್ಲಿ ಅದರ ಹೊಣೆ ಹೊತ್ತಿದ್ದ ಇಂಡೋನೇಷ್ಯಾದ ‘ರುವಾಂಗ್‌ರೂಪಾ’ ಬಳಗ ಆರಿಸಿಕೊಂಡ ಆಶಯ ‘ಲುಂಬುಂಗ್’. ಹಾಗೆಂದರೆ ಊರವರು ಹೆಚ್ಚುವರಿ ಬತ್ತವನ್ನು ಒಟ್ಟಿಗೆ ಕೂಡಿಡುವ ಕಣಜ. ಹಂಚಿ ಉಣ್ಣುವ ಈ ಕಲ್ಪನೆಗೆ ಯಾರ ಆಕ್ಷೇಪ? ಆದರೆ ‘ತಾರಿಂಗ್ ಪಾದಿ’ ಎಂಬ ತಂಡ 2002ರಲ್ಲಿ ರಚಿಸಿದ್ದ ದೊಡ್ಡ ಬ್ಯಾನರ್ ಒಂದರಲ್ಲಿ ಯಹೂದಿಗಳನ್ನು ಹೀಯಾಳಿಸುವ ಚಿತ್ರಗಳು ಕಂಡವು. ಯಹೂದಿಗಳ ನರಮೇಧದ ನೆನಪು ಹೊತ್ತ ನಾಡದು. ಮೊದಲು ಬ್ಯಾನರಿಗೆ ಮುಸುಕು ಹಾಕಿದರು, ಮರುದಿನ ಕೆಳಗಿಳಿಸಿದರು. ಸಂಸ್ಥೆಯ ಮಹಾನಿರ್ದೇಶಕಿ ಹುದ್ದೆ ಬಿಡಬೇಕಾಯಿತು. ಒಂದು ದೇಶದಲ್ಲಿ ಸರ್ವಾಧಿಕಾರದ ವಿರುದ್ಧ ಬರೆದ ಚಿತ್ರ ಇನ್ನೊಂದು ದೇಶದಲ್ಲಿ ಹಳೆಯ ಗಾಯವನ್ನು ಕೆದಕಿತ್ತು.

ಎರಡೂ ಪ್ರಸಂಗಗಳಿಂದ ತಿಳಿಯುವುದು ಒಂದೇ. ನೋವು ಹುಟ್ಟುವುದು ಆಶಯದ ಶಬ್ದದಿಂದಲ್ಲ. ಆ ಶಬ್ದದೊಳಗೆ ಏನು ತುಂಬಿದರು, ತುಂಬುವಾಗ ಯಾರನ್ನು ಕೇಳಿದರು ಎಂಬುದರಿಂದ.

ಕುಮಟಾ, ಹೊನ್ನಾವರದ ಸೀಮೆಗೆ ಈ ವಿವೇಕ ಹೊಸದಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ನೆಲ ಇದು. ಯಕ್ಷಗಾನದ ಇನ್ನೊಂದು ರೂಪವಾದ ತಾಳಮದ್ದಲೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಎದುರುಬದುರು ಕುಳಿತು ಅರ್ಥ ಹೇಳುವುದಷ್ಟೆ. ಪ್ರಸಂಗ ಮೊದಲೇ ಗೊತ್ತು, ವಾಲಿ ಸಾಯುವುದೂ ಗೊತ್ತು. ಆದರೂ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಧರ್ಮವೇ ಎಂದು ವಾಲಿ ಕೇಳುತ್ತಾನೆ, ರಾಮ ಉತ್ತರಿಸಲೇಬೇಕಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿ, ರಾವಣರಂಥ ಪಾತ್ರಗಳಿಗೆ ಹೆಸರಾದದ್ದು ಈ ಅವಕಾಶದಿಂದಲೇ. ರಾಮಭಕ್ತರೂ ಕುಳಿತು ಆ ಮಾತು ಕೇಳಿದರು. ಆದರೆ ಈ ಚಾವಡಿಯೂ ಎಲ್ಲರದಾಗಿರಲಿಲ್ಲ. ಬಹುಕಾಲ ಅದು ಗಂಡಸರದೇ ಆಗಿತ್ತು. ಎದುರಾಳಿಗೆ ಮಾತು ಕೊಡುವುದರ ಜೊತೆಗೆ, ಇದುವರೆಗೆ ಹೊರಗೆ ನಿಂತವರಿಗೂ ಜಾಗ ಮಾಡಬೇಕಾಗುತ್ತದೆ.

ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತವನ್ನೇ ನೋಡಬಹುದು. ತುರಾಯಿ ಕಟ್ಟಿಕೊಂಡು ಕುಣಿಯುವುದು ಅವರಿಗೆ ಹೋಳಿ ಹುಣ್ಣಿಮೆಯ ಹೊತ್ತಿನ ಆಚರಣೆ; ಅದಕ್ಕೆ ಕಾಲವಿದೆ, ಕಟ್ಟುಪಾಡಿದೆ. ಉತ್ಸವದವರು ಅದನ್ನು ಹತ್ತು ನಿಮಿಷದ ಮೆರವಣಿಗೆಗೆ ಕರೆಯುವಾಗ ಏನನ್ನು ತರಬಹುದು, ಏನನ್ನು ತರಬಾರದು ಎಂದು ಹೇಳಬೇಕಾದವರು ಕುಣಿಯುವವರೇ. ಕೇಳದೆ ವೇಷ ಮಾತ್ರ ಎರವಲು ತಂದರೆ, ಎಷ್ಟು ಗೌರವದ ಆಶಯವಿಟ್ಟರೂ ಅದು ಪ್ರದರ್ಶನದ ಸರಕಾಗುತ್ತದೆ.

ಹಾಗೆಂದು ಯಾರಿಗೂ ನೋವಾಗದ ವಿಷಯವನ್ನೇ ಹುಡುಕುತ್ತ ಹೋದರೆ ಉತ್ಸವಗಳಲ್ಲಿ ಸ್ವಾಗತ, ವಂದನಾರ್ಪಣೆ ಮಾತ್ರ ಉಳಿದಾವು. ಕಲೆ ಕೆಣಕಬೇಕು, ಆದರೆ ಕೆಣಕಿಸಿಕೊಂಡವನಿಗೆ ಅದೇ ವೇದಿಕೆಯಲ್ಲಿ ಉತ್ತರಿಸುವ ಹಕ್ಕೂ ಇರಬೇಕು. ಆಮಂತ್ರಣ ಪತ್ರಿಕೆ ಅಚ್ಚಾದ ಮೇಲೆ ನಡೆಯುವ ಜಗಳವನ್ನು ಅಚ್ಚಿಗೆ ಹೋಗುವ ಮೊದಲೇ ಚರ್ಚೆಯಾಗಿ ನಡೆಸುವುದು ಸಂಘಟಕರ ಕೈಯಲ್ಲೇ ಇದೆ. ತದಡಿಯಲ್ಲಿ ‘ಕಡಲು’ ಎಂದು ಬ್ಯಾನರ್ ಕಟ್ಟುವವರು ಮೊದಲು ಹೋಗಬೇಕಾದದ್ದು ಬಳಚು ಹೆಕ್ಕುವವರ ಬಳಿಗೆ.