ಗಿಟಾರ್ ಬದಲಾಯಿತು, ಸದ್ದು ಬದಲಾಗಲಿಲ್ಲ

ನನ್ನಮ್ಮ ಟೈಲರ್. ಅಳತೆಯ ವಿಷಯದಲ್ಲಿ ಅವಳಿಗೆ ಸುಳ್ಳು ಹೇಳಿ ದಕ್ಕಿಸಿಕೊಳ್ಳೋಕೆ ಆಗಲ್ಲ ಅಂತ ಇಪ್ಪತ್ತೊಂದು ವರ್ಷ ಜೊತೆಗಿದ್ದ ನನಗೆ ಗೊತ್ತಿರಬೇಕಿತ್ತು. ನನ್ನ ಬೇಸ್ ಗಿಟಾರ್‌ಗೆ ಹಳೇ ಬೆಡ್‌ಶೀಟ್ ಮಡಚಿ, ನಡುವೆ ಸ್ಪಂಜು ಇಟ್ಟು ಕವರ್ ಹೊಲಿದುಕೊಟ್ಟವಳು ಅವಳೇ. ಒಂದು ಸಂಜೆ ಆ ಕವರಿನ ಜಿಪ್ ಮುಕ್ಕಾಲು ಭಾಗಕ್ಕೆ ಬಂದು ನಿಂತುಬಿಟ್ಟಿತ್ತು.

‘ಏನೇ ಇದು, ಗಿಟಾರ್ ದಪ್ಪ ಆಯ್ತಾ?’

‘ಇಲ್ಲಮ್ಮ, ಬಣ್ಣ ಹೊಡೆಸಿದೆ.’

‘ಬಣ್ಣ ಹೊಡೆಸಿದ್ರೆ ಒಂದೂವರೆ ಇಂಚು ಉದ್ದ ಆಗುತ್ತಾ?’

ಅಲ್ಲಿಗೆ ಮುಗಿಯಿತು. ಅದು ಹಳೇ ಗಿಟಾರ್ ಅಲ್ಲ, ಹೊಸದು. ಬೆಲೆ 18,500 ರೂಪಾಯಿ. ಅದರಲ್ಲಿ 15,000 ರೂಪಾಯಿ, ಬ್ಯಾಂಕ್ ಪರೀಕ್ಷೆಯ ಕೋಚಿಂಗಿಗೆ ಎರಡನೇ ಕಂತು ಕಟ್ಟು ಅಂತ ಅಪ್ಪ ಕೊಟ್ಟ ದುಡ್ಡು. ಅಪ್ಪ ಬೈಯಲಿಲ್ಲ. ಒಂದು ವಾರ ಮಾತನ್ನೇ ಆಡಲಿಲ್ಲ. ಬೈದಿದ್ದರೇ ಎಷ್ಟೋ ವಾಸಿಯಿತ್ತು.

ಇಷ್ಟೆಲ್ಲ ಮಾಡಿ ತಂದ ಗಿಟಾರ್‌ನಿಂದ ಸದ್ದಾದರೂ ಚೆನ್ನಾಗಿ ಬಂತಾ ಅಂದರೆ, ಅದೂ ಇಲ್ಲ. ಅದೇ ಈ ಕತೆ.

ನಾನು ಬೇಸ್ ಹಿಡಿದಿದ್ದು ಆಸೆಯಿಂದ ಅಲ್ಲ. ಶಿವಮೊಗ್ಗದ ನಮ್ಮ ಕಾಲೇಜಿನ ಬ್ಯಾಂಡಿನಲ್ಲಿ ಆಗಲೇ ಮೂವರು ಗಿಟಾರ್‌ನವರಿದ್ದರು. ಉಳಿದಿದ್ದು ನಾಲ್ಕೇ ತಂತಿಯ ಬೇಸ್. ಯಾರಿಗೂ ಬೇಡವಾಗಿದ್ದು ನನ್ನ ಪಾಲಿಗೆ ಬಂತು. ‘ಬೇಸ್ ಗಿಟಾರ್ ಕಲೀತಿದ್ದೀನಿ’ ಅಂದರೆ ಚಿಕ್ಕಪ್ಪ, ‘ಬೇಸಿಕ್ ಗಿಟಾರಾ? ಅಡ್ವಾನ್ಸ್ ಯಾವಾಗ?’ ಅಂತ ಕೇಳಿದ್ದರು. ಆದರೆ ಒಂದು ರಾತ್ರಿ ಹೆಡ್‌ಫೋನ್ ಹಾಕಿಕೊಂಡು, ಇಳಯರಾಜ ಸಂಗೀತದ 1981ರ ‘ಗೀತಾ’ ಚಿತ್ರದ ಹಾಡುಗಳನ್ನು ಬೇಸ್ ಒಂದಕ್ಕೇ ಕಿವಿಗೊಟ್ಟು ಕೇಳಿದೆ. ಚಿಕ್ಕಂದಿನಿಂದ ಕೇಳಿದ ಹಾಡುಗಳ ಅಡಿಯಲ್ಲಿ ಇನ್ನೊಂದು ಹಾಡು ಹರಿಯುತ್ತಿದೆ ಅಂತ ಅವತ್ತು ಗೊತ್ತಾಯಿತು. ಆಮೇಲೆ ನಾನು ಬೇಸ್ ಬಿಡಲಿಲ್ಲ.

ಮೊದಲ ಗಿಟಾರ್ ಸೀನಿಯರ್ ಒಬ್ಬರಿಂದ 5,500 ರೂಪಾಯಿಗೆ ಕೊಂಡಿದ್ದು. ತಂತಿಗಳು ಕಟ್ಟೆಯಿಂದ ಎಷ್ಟು ಎತ್ತರಕ್ಕಿದ್ದವೆಂದರೆ ಒತ್ತಿ ಹಿಡಿದು ಹಿಡಿದು ಬೆರಳಿನಲ್ಲಿ ಬೊಬ್ಬೆ ಬರುತ್ತಿತ್ತು. ಅಭ್ಯಾಸ ನಡೆಯುತ್ತಿದ್ದದ್ದು ನಮ್ಮ ಡ್ರಮ್ಮರ್ ಮನೆಯ ಅಡಿಕೆ ಗೋದಾಮಿನಲ್ಲಿ. ಅಲ್ಲಿ ನನ್ನ ಗಿಟಾರ್ ಚುಚ್ಚುತ್ತಿದ್ದದ್ದು 15 ವಾಟ್‌ನ ಒಂದು ಪುಟ್ಟ ಆ್ಯಂಪ್‌ಗೆ. ಅದು ಮಾಮೂಲಿ ಗಿಟಾರ್‌ಗೆ ಅಂತ ಮಾಡಿದ್ದು, ಬೇಸ್‌ಗಲ್ಲ. ಡ್ರಮ್ಸ್ ಶುರುವಾದರೆ ನಾನು ನುಡಿಸುತ್ತಿದ್ದೇನೋ ಇಲ್ಲವೋ ನನಗೇ ಗೊತ್ತಾಗುತ್ತಿರಲಿಲ್ಲ. ಕೇಳಲಿ ಅಂತ ಜೋರಾಗಿ ಎಳೆದು ಎಳೆದು ಮಣಿಕಟ್ಟು ನೋವು ಬಂತು. ಆ್ಯಂಪ್‌ನ ವಾಲ್ಯೂಮ್ ಪೂರ್ತಿ ತಿರುಗಿಸಿ, ಕೊನೆಗೊಂದು ದಿನ ಅದರ ಸ್ಪೀಕರಿನ ಕಾಗದ ಹರಿಯಿತು.

‘ಗಿಟಾರೇ ಸರಿಯಿಲ್ಲ, ಅಪ್‌ಗ್ರೇಡ್ ಮಾಡು’ ಅಂದರು ಎಲ್ಲರೂ. ನನಗೂ ಬೇಕಾಗಿದ್ದ ಮಾತು ಅದೇ. ಒಳಗೆ 9 ವೋಲ್ಟ್ ಬ್ಯಾಟರಿ ಹಾಕುವ ಆ್ಯಕ್ಟಿವ್ ಪಿಕಪ್, ಮಿಂಚುವ ಮರ, ಐದು ಗುಂಡಿ. ಕೋಚಿಂಗ್ ದುಡ್ಡು ಕೈಯಲ್ಲಿತ್ತು. ಮುಂದಿನ ತಿಂಗಳು ಟ್ಯೂಷನ್ ಹೇಳಿ ತುಂಬಿಬಿಡುತ್ತೇನೆ ಅಂದುಕೊಂಡೆ. ಮುಂದಿನ ತಿಂಗಳುಗಳು ಹೇಗಿರುತ್ತವೆ ಅಂತ ಕೆಲಸ ಹುಡುಕುತ್ತಿರುವ ಎಲ್ಲರಿಗೂ ಗೊತ್ತು. ಕಂತು ಕಟ್ಟದ್ದಕ್ಕೆ ಟೆಸ್ಟ್ ಸೀರೀಸ್ ಸಿಗಲಿಲ್ಲ. ಪ್ರಿಲಿಮ್ಸ್‌ನಲ್ಲಿ ಕಟ್‌ಆಫ್‌ಗೆ ಮೂರು ಅಂಕ ಕಡಿಮೆ ಬಂತು. ಅದಕ್ಕೆ ಬೇಸ್ ಕಾರಣವೋ ನನ್ನ ಗಣಿತ ಕಾರಣವೋ, ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.

ಆ ವರ್ಷ ಗಣಪತಿ ಹಬ್ಬಕ್ಕೆ ನಮ್ಮ ಬಡಾವಣೆಯ ಪೆಂಡಾಲಿನಲ್ಲಿ ರಸಮಂಜರಿ. ಹೊಸ ಗಿಟಾರ್‌ನ ಮೊದಲ ಸ್ಟೇಜ್. ಹಳೆಯದನ್ನೂ ಇರಲಿ ಅಂತ ಒಯ್ದಿದ್ದೆ, ತಂತಿ ಕಡಿದರೆ ಅಂತ. ಮಧ್ಯಾಹ್ನ ಸೌಂಡ್ ಚೆಕ್ ಮಾಡುವಾಗ ಸ್ಟೇಜ್ ಮೇಲೆ ನನ್ನ ಹಿಂದಿದ್ದದ್ದು ಅದೇ ಪುಟ್ಟ ಆ್ಯಂಪ್, ಹರಿದ ಸ್ಪೀಕರಿಗೆ ಅಂಟು ಹಚ್ಚಿದ್ದು. ಹೊಸ ಗಿಟಾರ್ ಚುಚ್ಚಿದೆ. ಅದೇ ‘ಗೊಂಯ್’. ಗುಂಡಿಗಳನ್ನು ಹೇಗೆ ತಿರುಗಿಸಿದರೂ ‘ಗೊಂಯ್’.

ಮೈಕ್‌ಸೆಟ್ ಅಣ್ಣ ದೂರದಿಂದ ನೋಡುತ್ತಿದ್ದವರು ಬಂದರು. ಮಾತಾಡದೆ ನನ್ನ ಕೇಬಲ್ ಕಿತ್ತು, ತಮ್ಮ ಮಿಕ್ಸರ್ ಕಡೆ ಎಳೆದು, 15 ಇಂಚಿನ ಸ್ಪೀಕರ್ ಇದ್ದ ದೊಡ್ಡ ಬಾಕ್ಸ್ ಒಂದಕ್ಕೆ ಕೊಟ್ಟರು. ‘ಈಗ ಹೊಡಿಯಮ್ಮ’ ಅಂದರು. ಹೊಡೆದೆ. ಕಾಲಡಿಯ ಹಲಗೆ ನಡುಗಿತು. ‘ಈಗ ಆ ಹಳೇದು ಹಾಕು.’ ಹಾಕಿದೆ. ಮತ್ತೆ ಹಲಗೆ ನಡುಗಿತು. ಕುರ್ಚಿ ಜೋಡಿಸುತ್ತಿದ್ದ ಹುಡುಗರನ್ನು ಕರೆದು, ‘ಯಾವುದು ಚೆನ್ನಾಗಿತ್ರೋ?’ ಅಂತ ಕೇಳಿದರು. ಒಬ್ಬ ಮೊದಲನೆಯದು ಅಂದ, ಇನ್ನೊಬ್ಬ ಎರಡನೆಯದು ಅಂದ, ಮೂರನೆಯವನು ‘ಎರಡೂ ಒಂದೇ ಅಲ್ವಾ ಅಣ್ಣ?’ ಅಂದ.

‘ಗಂಟಲು ಬದಲಾಯಿಸಿದ್ದೀಯ, ಬಾಯಿ ಅದೇ ಇದೆ’ ಅಂದು ಅಣ್ಣ ಬೀಡಿ ಹಚ್ಚಿಕೊಂಡು ಹೋದರು. ಹದಿಮೂರು ಸಾವಿರದ ವ್ಯತ್ಯಾಸ ಕುರ್ಚಿ ಜೋಡಿಸುವ ಹುಡುಗರಿಗೆ ಕೇಳಿಸಲೇ ಇಲ್ಲ.

ಯಾಕೆ ಹೀಗೆ ಅಂತ ಆಮೇಲೆ ಕೂತು ಓದಿದೆ. ಬೇಸ್‌ನ ಅತಿ ದಪ್ಪ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ನಮ್ಮ ಕಿವಿಗೆ ಇಷ್ಟು ತಗ್ಗಿನ ಸದ್ದು ಸಲೀಸಾಗಿ ಕೇಳುವುದಿಲ್ಲ. ಕೇಳಬೇಕೆಂದರೆ ತುಂಬಾ ಗಾಳಿಯನ್ನು ತಳ್ಳಬೇಕು. ಗಾಳಿ ತಳ್ಳುವುದು ಗಿಟಾರ್ ಅಲ್ಲ, ಸ್ಪೀಕರಿನ ಕಾಗದ. ಎಂಟು ಇಂಚಿನ ಸ್ಪೀಕರಿನಿಂದ ಆ ಕೆಲಸ ಮಾಡಿಸುವುದು ಬೀಸಣಿಗೆಯಲ್ಲಿ ರಾಶಿ ತೂರಿದ ಹಾಗೆ. ಬೇಸ್‌ನವರ ಈ ಕಷ್ಟ ಹಳೆಯದೇ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ‘ಪ್ರಿಸಿಷನ್ ಬೇಸ್’ ತಂದರು. 1969ರಲ್ಲಿ ಆ್ಯಂಪೆಗ್ ಕಂಪನಿ 300 ವಾಟ್‌ನ ಆ್ಯಂಪ್ ತಂದಿತು. ಅದರ ಜೊತೆಗಿದ್ದ ಕ್ಯಾಬಿನೆಟ್‌ನಲ್ಲಿ 10 ಇಂಚಿನ ಎಂಟು ಸ್ಪೀಕರ್‌ಗಳು, ನೋಡಲು ಫ್ರಿಜ್ ಇದ್ದ ಹಾಗೆ. ಅಷ್ಟು ದೊಡ್ಡದು ಬೇಕಾದದ್ದು ಶೋಕಿಗಲ್ಲ.

ಇನ್ನೊಂದು ವಿಷಯ ಗೊತ್ತಾಗಿ ನನಗೆ ನಿಜಕ್ಕೂ ಸಿಟ್ಟು ಬಂತು. ನಾವೆಲ್ಲ ಅಂಗಡಿಯಲ್ಲಿ ಕೇಳುವುದು ‘ಎಷ್ಟು ವಾಟ್?’ ಅಂತ. ಆದರೆ 100 ವಾಟ್ ಇದ್ದದ್ದನ್ನು 200 ಮಾಡಿದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹತ್ತು ಡೆಸಿಬೆಲ್, ಅಂದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು. ಕೇಳಬೇಕಾದ ಪ್ರಶ್ನೆ ಸ್ಪೀಕರಿನ ‘ಸೆನ್ಸಿಟಿವಿಟಿ’ ಎಷ್ಟು ಅಂತ. 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆ ಅನ್ನುವ ಲೆಕ್ಕ ಅದು. 94 ಇರುವ ಸ್ಪೀಕರ್ ಬಿಟ್ಟು 97 ಇರುವುದನ್ನು ತಂದರೆ ಆ್ಯಂಪ್‌ನ ವಾಟ್ ದುಪ್ಪಟ್ಟು ಮಾಡಿದಷ್ಟೇ ಲಾಭ. ಹಾಗಂತ ಪವಾಡ ಏನೂ ಇಲ್ಲ. ಡಬ್ಬ ಚಿಕ್ಕದಿರಬೇಕು, ಸದ್ದು ಆಳಕ್ಕೆ ಇಳಿಯಬೇಕು, ಕಡಿಮೆ ವಾಟ್‌ನಲ್ಲಿ ಜೋರಾಗಿ ಕೇಳಬೇಕು, ಈ ಮೂರರಲ್ಲಿ ಎರಡು ಸಿಗುತ್ತವೆ, ಮೂರೂ ಸಿಗುವುದಿಲ್ಲ. ಪುಟ್ಟ ಡಬ್ಬ ತೋರಿಸಿ ಭೂಮಿ ನಡುಗುತ್ತದೆ ಅನ್ನುವ ಅಂಗಡಿಯವರ ಮಾತು ಕೇಳುವಾಗ ಇದು ನೆನಪಿರಲಿ.

ಹೊಸ ಗಿಟಾರನ್ನು ಐದು ತಿಂಗಳಿಗೇ 12,500ಕ್ಕೆ ಮಾರಿದೆ. 6,000 ನಷ್ಟ. ಬಂದ ದುಡ್ಡಿಗೆ ಟ್ಯೂಷನ್ನಿನ 2,500 ಸೇರಿಸಿ ಮೊದಲು ಕೋಚಿಂಗ್‌ನ ಮುಂದಿನ ಬ್ಯಾಚಿಗೆ ಕಟ್ಟಿ, ರಸೀದಿ ತಂದು ಅಪ್ಪನ ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಮಡಚಿ, ಜೇಬಿಗೆ ಇಟ್ಟುಕೊಂಡರು.

ಆಮೇಲೆ ಹಳೇ ಗಿಟಾರ್‌ನ ಕಡೆ ತಿರುಗಿದೆ. ಅದಕ್ಕೆ ಬೇಕಾಗಿದ್ದದ್ದು ಸೆಟಪ್. ಸೈಕಲ್ ಶಾಪಿನಲ್ಲಿ ಸಿಗುವಂಥ ಅಲೆನ್ ಕೀಗಳಿಂದ ಬಹಳಷ್ಟು ಕೆಲಸ ಆಗುತ್ತದೆ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಮರ ತೇವ ಹೀರುತ್ತದೆ, ಗಿಟಾರ್‌ನ ಕುತ್ತಿಗೆ ಬಾಗುತ್ತದೆ. ಒಳಗಿರುವ ಟ್ರಸ್ ರಾಡ್ ಅನ್ನು ಕಾಲು ಸುತ್ತು ತಿರುಗಿಸಿ, ಒಂದು ದಿನ ಬಿಟ್ಟು ನೋಡಬೇಕು. ಅವಸರ ಮಾಡಿದರೆ ರಾಡ್ ಹಾಳು. ಸೇತುವೆಯ ಸ್ಕ್ರೂ ಇಳಿಸಿದ ಮೇಲೆ ತಂತಿ ಕೈಗೆ ಎಟಕುವಂತಾಯಿತು. ಹಳೇ ತಂತಿಗಳನ್ನು ಕುದಿಯುವ ನೀರಿನಲ್ಲಿ ಹಾಕಿದರೆ ಜಿಡ್ಡು ಬಿಟ್ಟು ಸ್ವಲ್ಪ ದಿನ ಜೀವ ಬರುತ್ತದೆ. ಅನ್ನದ ಪಾತ್ರೆಯಲ್ಲಿ ಬೇಯಿಸಿದ್ದಕ್ಕೆ ಬೈಸಿಕೊಂಡೆ, ಆಮೇಲೆ 1,600 ಕೊಟ್ಟು ಹೊಸ ತಂತಿಯನ್ನೇ ತಂದೆ. ಅಂದಹಾಗೆ, ಮೋಟೌನ್‌ನ ನೂರಾರು ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್‌ಸನ್ ತಮ್ಮ ತಂತಿಗಳನ್ನು ಬದಲಾಯಿಸುತ್ತಲೇ ಇರಲಿಲ್ಲವಂತೆ. ಅವರ ಬೆರಳು ನನ್ನ ಬಳಿ ಇಲ್ಲವಾದ್ದರಿಂದ ನಾನು ಬದಲಾಯಿಸಿದೆ.

ಇನ್ನು ಬಾಯಿ. ಆರ್ಕೆಸ್ಟ್ರಾ ಬಿಡುತ್ತಿದ್ದ ಒಬ್ಬರ ಬಳಿ 100 ವಾಟ್‌ನ ಬೇಸ್ ಆ್ಯಂಪ್ ಇತ್ತು, ಸ್ಪೀಕರ್ ಸುಟ್ಟಿದ್ದು. ಈಗ ರಸಮಂಜರಿಗಳಲ್ಲಿ ಕೀಬೋರ್ಡಿನವರೇ ಎಡಗೈಯಲ್ಲಿ ಬೇಸ್ ನುಡಿಸಿಬಿಡುತ್ತಾರೆ, ನಮ್ಮನ್ನು ಯಾರು ಕರೀತಾರೆ ಅಂದರು. 4,000ಕ್ಕೆ ಕೊಟ್ಟರು. ರೈಲು ಹತ್ತಿ ಬೆಂಗಳೂರಿಗೆ ಹೋಗಿ ಎಸ್.ಪಿ. ರೋಡಿನಲ್ಲಿ ಅರ್ಧ ದಿನ ಅಲೆದು, 12 ಇಂಚಿನ ಸ್ಪೀಕರ್ ಒಂದನ್ನು 4,200ಕ್ಕೆ ತಂದೆ. ಅಯಸ್ಕಾಂತವೇ ಮಣಭಾರ. ವಾಪಸ್ ಬರುವಾಗ ಪೂರ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪಕ್ಕದ ಅಜ್ಜಿ ‘ಮಗೂನಾ?’ ಅಂತ ಬಗ್ಗಿ ನೋಡಿದರು.

ಮನೆಗೆ ಬಂದು ನೋಡಿದರೆ ತಪ್ಪು ಮಾಡಿದ್ದೆ. ಆ್ಯಂಪ್ 4 ಓಮ್‌ನದು, ನಾನು ತಂದದ್ದು 8 ಓಮ್ ಸ್ಪೀಕರ್. ಗಾಬರಿಯಾಗಿ ಮೈಕ್‌ಸೆಟ್ ಅಣ್ಣನ ಬಳಿ ಓಡಿದೆ. ಹಾಗೆ ಹಾಕಿದರೆ ಆ್ಯಂಪ್‌ಗೆ ತೊಂದರೆಯಿಲ್ಲ, ಪವರ್ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ ಅಷ್ಟೆ ಅಂದರು. ಮುಂದೆ ಇನ್ನೊಂದು 8 ಓಮ್ ಬಾಕ್ಸ್ ಪ್ಯಾರಲಲ್ ಸೇರಿಸಿದರೆ ಎರಡೂ ಸೇರಿ 4 ಆಗುತ್ತದೆ. ಮೂರನೆಯದು ಸೇರಿಸಿದರೆ ಮಾತ್ರ 4ಕ್ಕಿಂತ ಕೆಳಗಿಳಿದು ಆ್ಯಂಪ್ ಸುಡಬಹುದು. ಆ್ಯಂಪ್‌ನಿಂದ ಬಾಕ್ಸಿಗೆ ಗಿಟಾರ್ ಕೇಬಲ್ ಚುಚ್ಚಿದ್ದು ನೋಡಿ ಮಾತ್ರ ಸರಿಯಾಗಿ ಬೈದರು. ಅದರ ಒಳಗಿನ ಎಳೆ ಕೂದಲಷ್ಟು ಸಣ್ಣದು, ಸ್ಪೀಕರಿಗೆ ದಪ್ಪ ವೈರೇ ಬೇಕು.

ಡಬ್ಬ ಮಾಡಿದ್ದು ನಮ್ಮ ಬೀದಿಯ ಬಡಗಿ ಮಾಮ, 18 ಎಂ.ಎಂ. ಪ್ಲೈವುಡ್‌ನಲ್ಲಿ. ಸಾಮಾನು, ಕೂಲಿ ಸೇರಿ 2,300. ಒಳಗೆ ಸುಮಾರು 60 ಲೀಟರ್ ಗಾಳಿ, ಅಂದರೆ ನಾಲ್ಕು ಕೊಡ ನೀರು ಹಿಡಿಯುವಷ್ಟು. ಮುಂದೆ ಗಾಳಿಗೆ ಒಂದು ತೂತು ಬಿಡಿ ಅಂದಿದ್ದೆ, ಮಾಮ ಧಾರಾಳವಾಗಿ ಬಿಟ್ಟಿದ್ದರು. ನುಡಿಸಿದರೆ ಎರಡು ಸ್ವರಗಳು ಮಾತ್ರ ಬೊಬ್ಬೆ ಹೊಡೆಯುತ್ತಿದ್ದವು, ಉಳಿದವು ಮೆತ್ತಗೆ. ತೂತಿನ ಅಳತೆಗೂ ಡಬ್ಬದ ಅಳತೆಗೂ ಲೆಕ್ಕ ಇದೆ, ಅದು ತಪ್ಪಿದರೆ ಹೀಗೇ. ಕೊನೆಗೆ ಪ್ಲೈವುಡ್ ತುಂಡಿನಿಂದ ಆ ತೂತನ್ನೇ ಮುಚ್ಚಿಸಿದೆವು. ಸ್ವಲ್ಪ ಆಳ ಕಳೆದುಕೊಂಡರೂ ಸ್ವರಗಳು ಬಿಡಿಬಿಡಿಯಾಗಿ ಕೇಳತೊಡಗಿದವು.

ಆದರೂ ಡಬ್ಬದೊಳಗೆ ಏನೋ ಗುಂಯ್‌ಗುಡುತ್ತಿತ್ತು. ಗೋಡೆಗೆ ಹತ್ತಿ ತುಂಬಬೇಕು ಅಂತ ನಾನು ಅಡುಗೆಮನೆಯಲ್ಲಿ ಯಾರಿಗೂ ಅಲ್ಲದಂತೆ ಹೇಳಿದೆ. ಅಮ್ಮ ಏನೂ ಅನ್ನಲಿಲ್ಲ. ಮಾರನೆಯ ದಿನ ಟ್ಯೂಷನ್ ಮುಗಿಸಿ ಬಂದರೆ, ಅಟ್ಟದ ಮೇಲಿದ್ದ ಹಳೇ ಹಾಸಿಗೆಯನ್ನು ಬಿಚ್ಚಿ ಹತ್ತಿಯನ್ನು ಬಿಡಿಸಿ ಮೊರದಲ್ಲಿ ಇಟ್ಟಿದ್ದಳು.

ಒಂದು ಮಾತು ಹೇಳಲೇಬೇಕು. ನೀವು ನುಡಿಸುವುದು ಕಾಲೇಜ್ ಫೆಸ್ಟ್‌ನಲ್ಲಿ ಮಾತ್ರ ಆದರೆ ಕ್ಯಾಬಿನೆಟ್ ಕೊಳ್ಳಲೇಬೇಡಿ. ಅಲ್ಲಿ ಮೈಕ್‌ಸೆಟ್‌ನವರ ಬಾಕ್ಸ್ ಇರುತ್ತದೆ. ಒಂದು ಡಿಐ ಬಾಕ್ಸ್ ಒಯ್ದರೆ ಗಿಟಾರ್ ನೇರ ಮಿಕ್ಸರಿಗೆ ಹೋಗುತ್ತದೆ. ಪಿ.ಜಿ.ಯಲ್ಲಿ ಇರುವವರಿಗೆ ಹೆಡ್‌ಫೋನ್ ಆ್ಯಂಪ್ ಸಾಕು. ನನಗೆ ಬಾಕ್ಸ್ ಬೇಕಾಗಿದ್ದು ಗೋದಾಮಿನಲ್ಲಿ ಡ್ರಮ್ಸ್ ಪಕ್ಕ ನಿಂತು ನನ್ನ ಸದ್ದು ನನಗೆ ಕೇಳಬೇಕಿತ್ತು ಅಂತ.

ಕೇಳುತ್ತಿದೆ ಈಗ. ತಪ್ಪು ಸ್ವರವೂ ಸ್ಪಷ್ಟವಾಗಿ ಕೇಳುತ್ತದೆ, ಅದೊಂದು ಕಷ್ಟ. ಕೋಚಿಂಗ್ ಬೆಳಿಗ್ಗೆ ಏಳಕ್ಕೆ, ಟ್ಯೂಷನ್ ಸಂಜೆ, ಗೋದಾಮು ಭಾನುವಾರ ಮಾತ್ರ. ಉಳಿದ ದಿನ ಬಾಕ್ಸ್ ನಮ್ಮ ಹಾಲಿನಲ್ಲಿರುತ್ತದೆ, ಅದರ ಮೇಲೆ ಅಮ್ಮನ ಇಸ್ತ್ರಿ ಪೆಟ್ಟಿಗೆ. ಹೋದ ವಾರ ಅವಳು ಟೇಪ್ ಹಿಡಿದು ಅದರ ಅಳತೆ ತೆಗೆಯುತ್ತಿದ್ದಳು. ಕವರ್ ಹೊಲಿಯಲಂತೆ.

‘ಇದನ್ನೂ ಬದಲಾಯಿಸೋ ಹಾಗಿದ್ರೆ ಈಗಲೇ ಹೇಳು’ ಅಂದಳು. ‘ಒಂದೂವರೆ ಇಂಚು ಜಾಸ್ತಿ ಬಿಟ್ಟೇ ಹೊಲೀತೀನಿ.’