ಪ್ಲಾಸ್ಟಿಕ್ ನಿಷೇಧದ ಆಚೆಗೆ: ಪ್ಯಾಕಿಂಗ್ ಕಸದ ನಿಯಮಗಳು, ಜನರ ನಂಬಿಕೆಗಳು

ಸಾಮಾನಿನ ಜೊತೆಗೆ ಮನೆಗೆ ಬಂದು, ಸಾಮಾನು ಖಾಲಿಯಾದ ಕೂಡಲೇ ಕಸವಾಗುವ ಪೊಟ್ಟಣ, ಬಾಟಲಿ, ಡಬ್ಬಿ, ಚೀಲಗಳೆಲ್ಲ ಪ್ಯಾಕಿಂಗ್ ತ್ಯಾಜ್ಯದ ಲೆಕ್ಕಕ್ಕೆ ಸೇರುತ್ತವೆ. ಇದರ ಬಹುಪಾಲನ್ನು ನಿಯಂತ್ರಿಸುವ ಕೇಂದ್ರ ಕಾನೂನೆಂದರೆ 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು. 2021 ಮತ್ತು 2022ರಲ್ಲಿ ಇದಕ್ಕೆ ದೊಡ್ಡ ತಿದ್ದುಪಡಿಗಳಾದವು. ಇದರ ಜೊತೆಗೆ ರಾಜ್ಯ ಸರ್ಕಾರದ ಆದೇಶಗಳಿವೆ, ಪಂಚಾಯಿತಿ ಮತ್ತು ನಗರಪಾಲಿಕೆಗಳ ಕಟ್ಟಳೆಗಳಿವೆ. ಮೂರೂ ಒಟ್ಟಿಗೆ ಜಾರಿಯಲ್ಲಿರುವುದರಿಂದ ಯಾವುದು ಯಾರಿಗೆ ಅನ್ವಯಿಸುತ್ತದೆ ಎಂಬ ಗೊಂದಲ ಸಹಜ.

ಈ ಗೊಂದಲವನ್ನು ಬಿಡಿಸಿ ನೋಡಲು ಕೇರಳದ ಎರಡು ನಗರಗಳು ಒಳ್ಳೆಯ ಉದಾಹರಣೆ. ತಿರುವನಂತಪುರದ ಕಸ ಹೋಗುತ್ತಿದ್ದ ವಿಳಪ್ಪಿಲ್‌ಶಾಲೆಯ ಘಟಕ ಅಲ್ಲಿನ ಜನರ ಹೋರಾಟದಿಂದಾಗಿ 2011ರ ಕೊನೆಯಲ್ಲಿ ಮುಚ್ಚಿತು. ಕಸ ಸುರಿಯುವ ಜಾಗವೇ ಇಲ್ಲದಾದಾಗ ರಾಜಧಾನಿಯು ಹಸಿಕಸವನ್ನು ಮನೆ ಮತ್ತು ಬಡಾವಣೆಯ ಮಟ್ಟದಲ್ಲೇ ಗೊಬ್ಬರ ಮಾಡುವ ದಾರಿ ಹಿಡಿಯಿತು. ಕೊಚ್ಚಿಗೆ ಅಂಥ ಒತ್ತಡ ಬರಲಿಲ್ಲ. ಅದರ ಕಸ ಬ್ರಹ್ಮಪುರಂನಲ್ಲಿ ಗುಡ್ಡವಾಗಿ ಬೆಳೆಯುತ್ತಲೇ ಹೋಯಿತು. 2023ರ ಮಾರ್ಚ್ 2ರಂದು ಆ ಗುಡ್ಡಕ್ಕೆ ಬೆಂಕಿ ಬಿತ್ತು. ಪ್ಲಾಸ್ಟಿಕ್ಕಿನ ಒಳಪದರಗಳಲ್ಲಿ ಹೊಗೆಯಾಡುತ್ತಿದ್ದ ಬೆಂಕಿಯನ್ನು ಪೂರ್ತಿಯಾಗಿ ಆರಿಸಲು ಹನ್ನೆರಡು ದಿನಗಳೇ ಬೇಕಾದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೊಚ್ಚಿ ನಗರಪಾಲಿಕೆಗೆ 100 ಕೋಟಿ ರೂಪಾಯಿ ಪರಿಹಾರದ ಹೊರೆ ಹೊರಿಸಿತು.

ನಂಬಿಕೆ: ಪ್ಲಾಸ್ಟಿಕ್ ನಿಷೇಧವಾಗಿದೆ, ಮಾರುಕಟ್ಟೆಯಲ್ಲಿ ಇನ್ನೂ ಕಾಣುವುದೆಲ್ಲ ಕಾನೂನು ಬಾಹಿರ

2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧವಾದದ್ದು ಒಂದು ನಿರ್ದಿಷ್ಟ ಪಟ್ಟಿ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ, ಕಿವಿಗೆ ಹಾಕುವ ಬಡ್ಸ್‌ನ ಪ್ಲಾಸ್ಟಿಕ್ ಕಡ್ಡಿ, ಬಲೂನು ಮತ್ತು ಐಸ್‌ಕ್ರೀಮಿನ ಕಡ್ಡಿ, ಅಲಂಕಾರದ ಥರ್ಮೋಕೋಲ್, 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರು, ಸಿಹಿತಿಂಡಿ ಡಬ್ಬಿ, ಆಮಂತ್ರಣ ಪತ್ರ ಮತ್ತು ಸಿಗರೇಟು ಪ್ಯಾಕಿಗೆ ಸುತ್ತುವ ತೆಳುಹಾಳೆ ಮುಂತಾದವು ಅದರಲ್ಲಿವೆ. ಬಿಸ್ಕತ್ತಿನ ಹೊದಿಕೆ, ಚಿಪ್ಸ್ ಪ್ಯಾಕೆಟ್, ಶಾಂಪೂ ಸ್ಯಾಶೆ, ಹಾಲಿನ ಪ್ಯಾಕೆಟ್, ನೀರಿನ ಬಾಟಲಿ ಆ ಪಟ್ಟಿಯಲ್ಲಿಲ್ಲ. ಮನೆಯ ಕಸದ ಬುಟ್ಟಿಯಲ್ಲಿ ಹೆಚ್ಚಾಗಿ ತುಂಬಿಕೊಳ್ಳುವುದು ಮಾತ್ರ ಇವೇ. ಇವುಗಳಿಗೆ ಕಾನೂನು ಬೇರೆ ದಾರಿ ಇಟ್ಟಿದೆ. ಅದರ ವಿವರ ಮುಂದೆ ಬರುತ್ತದೆ.

ಕೇರಳದ ಪಟ್ಟಿ ಇದಕ್ಕಿಂತ ಹಳೆಯದು, ಉದ್ದವೂ ಹೌದು. 2020ರ ಜನವರಿ 1ರಿಂದ ಜಾರಿಗೆ ಬಂದ ರಾಜ್ಯದ ಆದೇಶ ಕೈಚೀಲಗಳನ್ನು ದಪ್ಪ ನೋಡದೆ ನಿಷೇಧಿಸಿತು. ಪ್ಲಾಸ್ಟಿಕ್ ಲೇಪನವಿರುವ ಕಾಗದದ ಲೋಟ, ತಟ್ಟೆಗಳನ್ನೂ 500 ಮಿಲಿಲೀಟರಿಗಿಂತ ಚಿಕ್ಕ ಪೆಟ್ ಬಾಟಲಿಗಳನ್ನೂ ಸೇರಿಸಿಕೊಂಡಿತು. ದಂಡ ಮೊದಲ ಸಲಕ್ಕೆ 10,000, ಎರಡನೆಯದಕ್ಕೆ 25,000, ಆಮೇಲೆ 50,000 ರೂಪಾಯಿ. ಕರ್ನಾಟಕ ಇದಕ್ಕೂ ಮೊದಲೇ, 2016ರ ಮಾರ್ಚ್‌ನಲ್ಲಿ, ಕೈಚೀಲಗಳನ್ನು ನಿಷೇಧಿಸಿತ್ತು. ಆದರೆ ರಾಜ್ಯಗಳ ಅಧಿಕಾರಕ್ಕೂ ಮಿತಿಯಿದೆ. ಪ್ರತಿ ಚದರ ಮೀಟರಿಗೆ 60 ಗ್ರಾಂಗಿಂತ ಹೆಚ್ಚು ತೂಗುವ ನಾನ್‌ವೋವನ್ ಚೀಲಗಳಿಗೆ ಕೇಂದ್ರದ ನಿಯಮದಲ್ಲಿ ಅನುಮತಿ ಇರುವಾಗ ರಾಜ್ಯ ಅವನ್ನು ನಿಷೇಧಿಸುವಂತಿಲ್ಲವೆಂದು ಕೇರಳ ಹೈಕೋರ್ಟ್ 2023ರ ಜನವರಿಯಲ್ಲಿ ಆದೇಶದ ಆ ಭಾಗವನ್ನು ರದ್ದು ಮಾಡಿತು. ಎರ್ನಾಕುಳಂ ಬ್ರಾಡ್‌ವೇಯ ಅಂಗಡಿಯಾಗಲಿ ತಿರುವನಂತಪುರದ ಚಾಲೆ ಪೇಟೆಯ ಅಂಗಡಿಯಾಗಲಿ, ಅಲ್ಲಿ ಕಾಣುವ ಒಂದು ಚೀಲ ಕಾನೂನುಬದ್ಧವೋ ಅಲ್ಲವೋ ಎಂದು ಹೇಳಲು ಅದು ಯಾವುದರಿಂದ ಆಗಿದೆ, ಎಷ್ಟು ತೂಗುತ್ತದೆ ಎಂದು ಗೊತ್ತಿರಬೇಕು.

ನಂಬಿಕೆ: ಬಟ್ಟೆಯಂತೆ ಕಾಣುವ ಚೀಲ ಬಟ್ಟೆಯದೇ, ಕಾಗದದ ಲೋಟ ಕಾಗದದ್ದೇ

ಜವಳಿ ಅಂಗಡಿಗಳು ಕೊಡುವ, ಮುಟ್ಟಿದರೆ ಬಟ್ಟೆಯೆನಿಸುವ ನಾನ್‌ವೋವನ್ ಚೀಲ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ನೇಯದೆ ಬಿಸಿಯಲ್ಲಿ ಒತ್ತಿ ಮಾಡಿದ್ದು. ಬಿಸಿಲಿಗೆ ಬಿದ್ದರೆ ಕೆಲವೇ ತಿಂಗಳಲ್ಲಿ ಪುಡಿಪುಡಿಯಾಗುತ್ತದೆ. ಆ ಪುಡಿಯೂ ಪ್ಲಾಸ್ಟಿಕ್ಕೇ. ಕಾಗದದ ಲೋಟದ ಒಳಮೈಗೆ ಚಹಾ ಸೋರದಂತೆ ತೆಳುವಾದ ಪಾಲಿಥೀನ್ ಪದರ ಅಂಟಿಸಿರುತ್ತಾರೆ. ಕಾಗದ, ಪ್ಲಾಸ್ಟಿಕ್ ಎರಡನ್ನೂ ಬೇರ್ಪಡಿಸುವ ಖರ್ಚು ಹೆಚ್ಚಾದ್ದರಿಂದ ಗುಜರಿಯವರು ಅದನ್ನು ಕೊಳ್ಳುವುದಿಲ್ಲ. ಕೇಂದ್ರದ ಪಟ್ಟಿ ಕಾಗದದ ಲೋಟವನ್ನು ಹೆಸರಿಸಿಲ್ಲ, ಕೇರಳದ ಪಟ್ಟಿ ಹೆಸರಿಸಿದೆ. ಈ ಒಂದು ವಿಷಯದಲ್ಲಿ ರಾಜ್ಯದ ತಿಳಿವಳಿಕೆಯೇ ಹೆಚ್ಚು ಸರಿ.

ಹಳೆಯ ಪತ್ರಿಕೆಯಲ್ಲಿ ಬಜ್ಜಿ, ವಡೆ ಕಟ್ಟಿಕೊಡುವುದು ಮರುಬಳಕೆಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ಮುದ್ರಣದ ಶಾಯಿ ಎಣ್ಣೆಯ ಮೂಲಕ ಆಹಾರಕ್ಕೆ ಇಳಿಯುತ್ತದೆ. ಹಾಗಾಗಿ 2018ರ ಆಹಾರ ಸುರಕ್ಷತಾ ಪ್ಯಾಕಿಂಗ್ ನಿಯಮಗಳು ಇದನ್ನು ನಿಷೇಧಿಸಿವೆ. ಬಾಳೆಲೆಗೆ ಯಾವ ನಿಯಮದ ತಕರಾರೂ ಇಲ್ಲ.

ನಂಬಿಕೆ: ದಪ್ಪ ಚೀಲ ಪರಿಸರಕ್ಕೆ ಹಿತ

ಕೇಂದ್ರದ ನಿಯಮ ಕೈಚೀಲದ ಕನಿಷ್ಠ ದಪ್ಪವನ್ನು 50ರಿಂದ 75 ಮೈಕ್ರಾನಿಗೆ, 2022ರ ಡಿಸೆಂಬರ್ 31ರಿಂದ 120 ಮೈಕ್ರಾನಿಗೆ ಏರಿಸಿತು. ದಪ್ಪ ಹೆಚ್ಚಿದರೆ ಚೀಲದಲ್ಲಿರುವ ಪ್ಲಾಸ್ಟಿಕ್ಕೂ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ನಿಯಮದ ಲೆಕ್ಕಾಚಾರ ಬೇರೆ. ದಪ್ಪ ಚೀಲಕ್ಕೆ ಬೆಲೆ ಹೆಚ್ಚು, ಅದನ್ನು ಬಿಟ್ಟಿಯಾಗಿ ಕೊಡಲು ಅಂಗಡಿಯವನಿಗೆ ಮನಸ್ಸು ಬರುವುದಿಲ್ಲ. ಕೊಂಡವನು ಮತ್ತೆ ಬಳಸುತ್ತಾನೆ. ಬೀದಿಗೆ ಬಿದ್ದರೂ ಹೆಕ್ಕುವವರಿಗೆ ತೂಕ ಸಿಗುತ್ತದೆ. ಒಂದೇ ಸಲ ಬಳಸಿ ಎಸೆದರೆ ಮಾತ್ರ ತೆಳು ಚೀಲಕ್ಕಿಂತ ದಪ್ಪ ಚೀಲವೇ ಹೆಚ್ಚು ಕೆಟ್ಟದ್ದು.

ಕಾಂಪೋಸ್ಟಬಲ್ ಎಂದು ಬರೆದಿರುವ ಚೀಲಗಳಿಗೆ ಈ ದಪ್ಪದ ಮಿತಿ ಇಲ್ಲ. ಅವುಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರಲೇಬೇಕು. ಅವು ಕೊಳೆಯುವುದು ಹೆಚ್ಚಿನ ಬಿಸಿ ಇರುವ ದೊಡ್ಡ ಗೊಬ್ಬರ ಘಟಕಗಳಲ್ಲಿ. ತೆಂಗಿನ ಬುಡಕ್ಕೋ ಹಿನ್ನೀರಿಗೋ ಎಸೆದರೆ ಅವೂ ಬಹುಕಾಲ ಉಳಿದುಬಿಡುತ್ತವೆ. ಸಾಮಾನ್ಯ ಪ್ಲಾಸ್ಟಿಕ್ ಜೊತೆ ಬೆರೆತರಂತೂ ಅದರ ಮರುಸಂಸ್ಕರಣೆಯನ್ನೂ ಕೆಡಿಸುತ್ತವೆ.

ನಂಬಿಕೆ: ತ್ರಿಕೋನದ ಗುರುತಿದ್ದರೆ ಮರುಸಂಸ್ಕರಣೆ ಖಚಿತ

ಬಾಟಲಿಯ ತಳದಲ್ಲಿ ಬಾಣಗಳ ತ್ರಿಕೋನದೊಳಗೆ ಕಾಣುವ 1ರಿಂದ 7ರವರೆಗಿನ ಅಂಕಿ ಪ್ಲಾಸ್ಟಿಕ್ಕಿನ ಜಾತಿಯನ್ನಷ್ಟೇ ಹೇಳುತ್ತದೆ. 1 ಎಂದರೆ ಪೆಟ್, 5 ಎಂದರೆ ಪಾಲಿಪ್ರೊಪಿಲೀನ್, 7 ಎಂದರೆ ಉಳಿದೆಲ್ಲ. ಚಿಪ್ಸ್ ಪ್ಯಾಕೆಟಿನಂಥ ಬಹುಪದರದ ಹೊದಿಕೆಗಳು ಈ ಏಳನೆಯ ಗುಂಪಿನವು. ಪದರಗಳನ್ನು ಬಿಡಿಸುವುದು ಕಷ್ಟವಾದ್ದರಿಂದ ಸಂಗ್ರಹವಾದವು ಹೆಚ್ಚಾಗಿ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗಿ ಹೋಗುತ್ತವೆ. ಬಯಲಲ್ಲಿ ಸುಡುವುದಕ್ಕಿಂತ ಅದು ಎಷ್ಟೋ ಮೇಲು. ಹಾಗೆಂದು ಅದನ್ನು ಮರುಸಂಸ್ಕರಣೆ ಎಂದು ಕರೆಯಲಾಗದು.

ನಂಬಿಕೆ: ನಿಯಮವೆಲ್ಲ ಗಿರಾಕಿಗೆ ಮತ್ತು ಅಂಗಡಿಯವನಿಗೆ; ಕಂಪನಿಗಳಿಗೆ ಏನೂ ಇಲ್ಲ

ಹೆಚ್ಚು ಜನ ನಂಬಿರುವುದು ಇದನ್ನೇ, ಹೆಚ್ಚು ತಪ್ಪಾಗಿರುವುದೂ ಇದೇ. ದಂಡ ಹಾಕುವ ಅಧಿಕಾರಿ ಬರುವುದು ಬೀದಿಬದಿಯ ಅಂಗಡಿಗೆ. ಹಾಗಾಗಿ ಕಾನೂನಿನ ಭಾರ ಅಲ್ಲೇ ಇದೆಯೆಂದು ತೋರುತ್ತದೆ. ಕಾಗದದ ಮೇಲಾದರೂ ದೊಡ್ಡ ಹೊಣೆ ಇರುವುದು ತಯಾರಕರು, ಆಮದುದಾರರು ಮತ್ತು ಬ್ರ್ಯಾಂಡ್ ಮಾಲೀಕರ ಮೇಲೆ. ಉತ್ಪಾದಕರ ವಿಸ್ತೃತ ಹೊಣೆಗಾರಿಕೆ ಎಂಬ ಈ ತತ್ವವನ್ನು 2022ರ ಫೆಬ್ರವರಿ 16ರ ಮಾರ್ಗಸೂಚಿ ಅಂಕಿಗಳಲ್ಲಿ ಇಳಿಸಿತು. ಪ್ಲಾಸ್ಟಿಕ್ ಪ್ಯಾಕಿಂಗನ್ನು ಅದು ಗಟ್ಟಿ, ಮೃದು, ಬಹುಪದರ, ಕಾಂಪೋಸ್ಟಬಲ್ ಎಂದು ನಾಲ್ಕು ವರ್ಗ ಮಾಡಿತು. ಕಂಪನಿ ಮಾರುಕಟ್ಟೆಗೆ ಬಿಟ್ಟಷ್ಟು ಪ್ಯಾಕಿಂಗಿನ ಹೊಣೆಯನ್ನು 2023-24ರ ಹೊತ್ತಿಗೆ ಪೂರ್ತಿಯಾಗಿ ಹೊರಬೇಕಿತ್ತು. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ 2024-25ರಲ್ಲಿ ಕನಿಷ್ಠ ಶೇ 50ರಷ್ಟನ್ನು ಮರುಸಂಸ್ಕರಿಸಬೇಕಿತ್ತು, 2027-28ಕ್ಕೆ ಅದು ಶೇ 80 ಆಗಬೇಕು. ಹೊಸ ಡಬ್ಬಿಯಲ್ಲಿ ಮರುಸಂಸ್ಕರಿತ ಪ್ಲಾಸ್ಟಿಕ್ 2025-26ರಿಂದ ಶೇ 30ರಷ್ಟಿರಬೇಕು, 2028-29ಕ್ಕೆ ಶೇ 60ರಷ್ಟು.

ಮರುಬಳಕೆಗೂ ಇಲ್ಲಿ ಗುರಿಗಳಿವೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 4.9 ಲೀಟರಿಗಿಂತ ದೊಡ್ಡ ಗಟ್ಟಿ ಪಾತ್ರೆಗಳಲ್ಲಿ ಶೇ 70ರಷ್ಟನ್ನು 2025-26ರಿಂದ ಮತ್ತೆ ತುಂಬಿ ಬಳಸಬೇಕು. 20 ಲೀಟರಿನ ನೀರಿನ ಕ್ಯಾನು ಮನೆಮನೆಗೆ ಹೋಗಿ ಖಾಲಿಯಾಗಿ ಹಿಂದೆ ಬರುವುದು ಈಗಾಗಲೇ ರೂಢಿಯಲ್ಲಿದೆ, ಆದ್ದರಿಂದ ಈ ಗುರಿ ಅಷ್ಟು ಕಷ್ಟದ್ದಲ್ಲ. ಸುಮಾರು ಒಂದು ಲೀಟರಿನಿಂದ ಐದು ಲೀಟರಿನೊಳಗಿನವಕ್ಕೆ ಮೊದಲ ವರ್ಷ ಬರೀ ಶೇ 10. ಸ್ಯಾಶೆಗೆ, ಚಿಕ್ಕ ಪೊಟ್ಟಣಕ್ಕೆ ಮರುಬಳಕೆಯ ಗುರಿಯೇ ಇಲ್ಲ. ಕಸದ ನಿಜವಾದ ತಲೆನೋವು ಎಲ್ಲಿದೆಯೋ ಅಲ್ಲಿ ನಿಯಮ ಮೆತ್ತಗಾಗಿದೆ.

ಕಂಪನಿಗಳು ತಮ್ಮದೇ ಪ್ಯಾಕೆಟನ್ನು ಹುಡುಕಿ ತರಬೇಕಿಲ್ಲ. ಅಷ್ಟೇ ತೂಕದ ಪ್ಲಾಸ್ಟಿಕ್ ಸಂಸ್ಕರಿಸಿದವರಿಂದ ಪ್ರಮಾಣಪತ್ರ ಕೊಂಡರೆ ಸಾಕು. ಲೆಕ್ಕ ನಡೆಯುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ. ಈ ಕೊಂಡಿಯಲ್ಲೇ ಮೋಸವೂ ನುಸುಳಿತು: ಗುಜರಾತ್, ಮಹಾರಾಷ್ಟ್ರ ಮತ್ತು ಕರ್ನಾಟಕದ ನಾಲ್ಕು ಘಟಕಗಳು ಸುಮಾರು ಆರು ಲಕ್ಷ ಸುಳ್ಳು ಪ್ರಮಾಣಪತ್ರ ಸೃಷ್ಟಿಸಿದ್ದನ್ನು 2023ರಲ್ಲಿ ಮಂಡಳಿಯೇ ಪತ್ತೆ ಹಚ್ಚಿತು. ಕಂಪನಿಗಳಿಗೆ ಹೊಣೆಯೇ ಇಲ್ಲ ಎಂಬುದು ಸುಳ್ಳು. ಹೊಣೆಯೆಲ್ಲ ನೆರವೇರುತ್ತಿದೆ ಎಂದು ನಂಬುವುದೂ ತಪ್ಪೇ.

ನಂಬಿಕೆ: ಖಾಲಿ ಬಾಟಲಿ ಹಿಂದಕ್ಕೆ ತರುವ ಪದ್ಧತಿ ನಮ್ಮಲ್ಲಿ ನಡೆಯದು

ಗೋಲಿ ಸೋಡಾ ಕಂಡವರು ಹೀಗೆ ಹೇಳುವುದೇ ವಿಚಿತ್ರ. ಬಾಟಲಿ ಹಿಂದಿರುಗಿಸುವುದು ಅಂಗಡಿಯ ಸಾಮಾನ್ಯ ವ್ಯವಹಾರವಾಗಿತ್ತು. ಅದನ್ನು ಅಳಿಸಿದ್ದು ಅಗ್ಗದ ಪೆಟ್ ಬಾಟಲಿ. ಅದೇ ಪದ್ಧತಿ ಈಗ ಮದ್ಯದಂಗಡಿಯ ಮೂಲಕ ಮರಳಿದೆ. ತಮಿಳುನಾಡು 2022ರಲ್ಲಿ ನೀಲಗಿರಿಯ ಸರ್ಕಾರಿ ಮದ್ಯದಂಗಡಿಗಳಲ್ಲಿ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ತೆಗೆದುಕೊಂಡು, ಖಾಲಿ ಬಾಟಲಿ ತಂದವರಿಗೆ ಅದನ್ನು ಮರಳಿಸತೊಡಗಿತು. ಕೇರಳ ರಾಜ್ಯ ಪಾನೀಯ ನಿಗಮ, ಜನರ ಬಾಯಲ್ಲಿ ಬೆವ್ಕೊ, 2025ರ ಸೆಪ್ಟೆಂಬರಿನಲ್ಲಿ ತಿರುವನಂತಪುರ ಮತ್ತು ಕಣ್ಣೂರು ಜಿಲ್ಲೆಗಳ ಇಪ್ಪತ್ತು ಮಳಿಗೆಗಳಲ್ಲಿ 20 ರೂಪಾಯಿ ಠೇವಣಿಯ ಪ್ರಯೋಗ ಆರಂಭಿಸಿತು. ಬಾಟಲಿಗೆ ಗುರುತಿನ ಚೀಟಿ ಅಂಟಿಸಿರುತ್ತಾರೆ. ಕೊಂಡ ಮಳಿಗೆಗೆ ತಂದರೆ ಹಣ ವಾಪಸು.

ಇದನ್ನು ಮದ್ಯದ ಮೇಲಿನ ಹೊಸ ತೆರಿಗೆಯೆಂದು ದೂರಿದವರುಂಟು. ಮರಳಿ ಸಿಗುವ ಹಣ ತೆರಿಗೆಯಾಗದು. ಕುಡಿದವನು ಗದ್ದೆಯಲ್ಲಿ ಎಸೆದು ಹೋದರೂ ಆ ಬಾಟಲಿಗೆ ಬೆಲೆಯಿರುತ್ತದೆ, ಹೆಕ್ಕಿ ತಂದವರಿಗೆ ಆ 20 ರೂಪಾಯಿ ಸೇರುತ್ತದೆ. ಉಪದೇಶದಿಂದ ಆಗದ್ದನ್ನು ಠೇವಣಿ ಮಾಡಿಸುವುದು ಹೀಗೆ. ಮಳಿಗೆಯ ಸಿಬ್ಬಂದಿಗೆ ಎಣಿಸುವ, ಕೂಡಿಡುವ ಕೆಲಸ ಹೆಚ್ಚಾಗುತ್ತದೆ ಎಂಬ ದೂರು ಮಾತ್ರ ನ್ಯಾಯವಾದದ್ದು. ಹಿಂದೆ ಬಂದ ಪ್ಲಾಸ್ಟಿಕ್ ಬಾಟಲಿಯನ್ನು ತೊಳೆದು ಮತ್ತೆ ತುಂಬುವುದಿಲ್ಲ. ಅದು ಸರ್ಕಾರದ ಕ್ಲೀನ್ ಕೇರಳ ಕಂಪನಿಯ ಮೂಲಕ ಮರುಸಂಸ್ಕರಣೆಗೆ ಹೋಗುತ್ತದೆ.

ನಂಬಿಕೆ: ಹರಿತ ಕರ್ಮ ಸೇನೆಗೆ ಹಣ ಕೊಡುವುದು ಇಷ್ಟವಿದ್ದವರ ಮಾತು, ಅವರು ಒಯ್ದದ್ದೂ ಕೊನೆಗೆ ಕಸದ ಗುಡ್ಡಕ್ಕೇ

ಕಾಸರಗೋಡಿನ ಕನ್ನಡ ಪತ್ರಿಕೆಗಳು ಹಸಿರು ಕ್ರಿಯಾಸೇನೆ ಎಂದು ಬರೆಯುವ ಈ ತಂಡದಲ್ಲಿರುವವರು ಬಹುತೇಕ ಕುಟುಂಬಶ್ರೀ ಎಂಬ ಸ್ವಸಹಾಯ ಜಾಲದ ಮಹಿಳೆಯರು. ಮನೆಮನೆಗೆ ಬಂದು ಒಣ, ಶುಚಿ ಪ್ಲಾಸ್ಟಿಕ್ ಒಯ್ಯುತ್ತಾರೆ. ಹಳ್ಳಿಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೆ 50 ರೂಪಾಯಿ ಶುಲ್ಕ, ನಗರಗಳಲ್ಲಿ ಇನ್ನಷ್ಟು. ಈ ಶುಲ್ಕ ಕಡ್ಡಾಯವಲ್ಲ ಎಂಬ ಸಂದೇಶ 2023ರ ಆರಂಭದಲ್ಲಿ ಮೊಬೈಲುಗಳಲ್ಲಿ ಹರಿದಾಡಿತು. ಸರ್ಕಾರ ಅದನ್ನು ಅಲ್ಲಗಳೆಯಿತು. ಕಸ ಹುಟ್ಟಿಸುವವರು ಅದನ್ನು ಬೇರ್ಪಡಿಸಿ ಕೊಟ್ಟು ಶುಲ್ಕ ತೆರಬೇಕೆಂದು 2016ರ ಕೇಂದ್ರ ನಿಯಮಗಳೇ ಹೇಳುತ್ತವೆ. 2023ರ ಕೊನೆಯಲ್ಲಿ ಕೇರಳ ತನ್ನ ಪಂಚಾಯಿತಿ ಮತ್ತು ನಗರಸಭೆ ಕಾನೂನುಗಳನ್ನು ತಿದ್ದಿ, ಶುಲ್ಕ ಉಳಿಸಿಕೊಂಡವರಿಗೂ ಕಸ ಎಸೆದವರಿಗೂ ದಂಡವನ್ನು ಬಿಗಿಗೊಳಿಸಿತು.

ಒಯ್ದ ಪ್ಲಾಸ್ಟಿಕ್ ಮೊದಲು ವಾರ್ಡಿನ ಸಂಗ್ರಹ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿ ಬಗೆಬಗೆಯಾಗಿ ವಿಂಗಡಣೆಯಾಗುತ್ತದೆ. ಬೆಲೆಯುಳ್ಳದ್ದನ್ನು ಕ್ಲೀನ್ ಕೇರಳ ಕಂಪನಿಯೋ ಖಾಸಗಿಯವರೋ ಕೊಳ್ಳುತ್ತಾರೆ. ಕೆಲವು ಬಗೆಯದನ್ನು ಪುಡಿ ಮಾಡಿ ರಸ್ತೆಯ ಡಾಂಬರಿಗೆ ಬೆರೆಸುತ್ತಾರೆ, ಉಳಿದದ್ದು ಸಿಮೆಂಟ್ ಕುಲುಮೆಗೆ. ಎಲ್ಲ ಕಡೆಯೂ ಈ ಸರಪಳಿ ಒಂದೇ ರೀತಿ ಗಟ್ಟಿಯಾಗಿಲ್ಲ. ಬ್ರಹ್ಮಪುರಂ ಗುಡ್ಡ ಬೆಳೆದದ್ದೇ ವಿಂಗಡಿಸದ ಕಸ ವರ್ಷಗಟ್ಟಲೆ ಒಂದೆಡೆ ಬಿದ್ದದ್ದರಿಂದ. ತಿರುವನಂತಪುರದಲ್ಲೂ ರೈಲು ನಿಲ್ದಾಣದ ಅಡಿಯಲ್ಲಿ ಹರಿಯುವ ಆಮಯಿಳಂಜಾನ್ ತೋಡು ಪ್ಲಾಸ್ಟಿಕ್ಕಿನಿಂದ ಕಟ್ಟಿಕೊಂಡಿತ್ತು. 2024ರ ಜುಲೈನಲ್ಲಿ ಅದನ್ನು ಸ್ವಚ್ಛಗೊಳಿಸಲು ಇಳಿದ ಕಾರ್ಮಿಕನೊಬ್ಬ ಕೊಚ್ಚಿಹೋಗಿ ಸತ್ತ. ಮನೆಬಾಗಿಲಲ್ಲಿ ಕೊಡದ ಪ್ಲಾಸ್ಟಿಕ್ ಹೋಗಿ ಸೇರುವ ಜಾಗ ಇಂಥ ತೋಡುಗಳೇ.

ನಂಬಿಕೆ: ಮದುವೆ, ಜಾತ್ರೆಗಳಿಗೆ ಬಿಸಾಡುವ ತಟ್ಟೆ ಬಿಟ್ಟರೆ ಗತಿಯಿಲ್ಲ

ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮದ ಬಗ್ಗೆ ಮೂರು ಕೆಲಸದ ದಿನಗಳ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸವನ್ನು ಅಲ್ಲೇ ಬೇರ್ಪಡಿಸಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಇತ್ತು. ಕೇರಳದಲ್ಲಿ ಇದಕ್ಕೆ ಗ್ರೀನ್ ಪ್ರೋಟೊಕಾಲ್ ಎಂಬ ಹೆಸರು ಬಂತು. 2015ರ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ರಾಜ್ಯ ಸರ್ಕಾರದ ಶುಚಿತ್ವ ಮಿಷನ್ ಇದನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿತು. ತಿರುವನಂತಪುರದ ಬೀದಿಗಳಲ್ಲಿ ಲಕ್ಷಾಂತರ ಮಹಿಳೆಯರು ಒಲೆ ಹೂಡುವ ಆಟ್ಟುಕಾಲ್ ಪೊಂಗಾಲಕ್ಕೂ ಅದು ಬಂತು: ಪ್ರಸಾದ, ನೀರು ಹಂಚುವವರು ಸ್ಟೀಲ್ ತಟ್ಟೆ ಲೋಟ ಇಡುತ್ತಾರೆ. ಉತ್ಸವ ಮುಗಿದ ಮೇಲೆ ಒಲೆಯ ಇಟ್ಟಿಗೆಗಳನ್ನು ನಗರಪಾಲಿಕೆ ಸಂಗ್ರಹಿಸಿ ಬಡವರ ಮನೆ ಕಟ್ಟಲು ಕೊಡುತ್ತದೆ.

ಮನೆಯವರ ಪಾಲಿಗೆ ಉಳಿಯುವ ಕೆಲಸ ಚಿಕ್ಕದು. ಹಾಲಿನ ಪ್ಯಾಕೆಟನ್ನು ಕತ್ತರಿಸುವಾಗ ಮೂಲೆಯ ತುಂಡನ್ನು ಪೂರ್ತಿ ಬೇರ್ಪಡಿಸದೆ ಬಿಡಬೇಕು, ತೊಳೆದು ಒಣಗಿಸಿ ಇಡಬೇಕು, ಹಸಿಕಸದೊಂದಿಗೆ ಬೆರೆಸದೆ ಕೊಡಬೇಕು. ಎಣ್ಣೆ, ಸಾಂಬಾರು ಹತ್ತಿದ ಪ್ಲಾಸ್ಟಿಕ್ಕನ್ನು ಯಾವ ನಿಯಮ ಇದ್ದರೂ ಯಾರೂ ಕೊಳ್ಳುವುದಿಲ್ಲ.