ರೇಡಿಯೋ ಪೆಟ್ಟಿಗೆಗೆ ಶೇಂಗಾ ಎಣ್ಣೆ ಬೇಡ

ರಾಯದುರ್ಗ, ಮಡಕಶಿರಾ, ಆದೋನಿ ಸೀಮೆಯ ಹಳೇ ಮಾಳಿಗೆ ಮನೆಗಳಲ್ಲಿ ಅಟ್ಟದ ಮೇಲೋ ಗೋಡೆ ಗೂಡಿನಲ್ಲೋ ಮರದ ರೇಡಿಯೋ ಪೆಟ್ಟಿಗೆಯೊಂದು ಇಂದಿಗೂ ಕೂತಿರುವುದುಂಟು. ಮರ್ಫಿಯೋ, ಫಿಲಿಪ್ಸೋ, ಬುಷ್ಷೋ, ಯಾವುದೋ ಒಂದು. ಭಜನೆ ಮಂದಿರದ ಮೂಲೆಯಲ್ಲಿ ಹಳೇ ಮರದ ಸ್ಪೀಕರ್ ಡಬ್ಬಗಳೂ ಇರುತ್ತವೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಸೇರಿದವು. ಆದರೆ ಈ ಪೆಟ್ಟಿಗೆಗೆ ಗಡಿಕಲ್ಲಿನ ಹಂಗಿರಲಿಲ್ಲ. ಗುಂಡಿ ಒಂದಿಷ್ಟು ತಿರುವಿದರೆ 1948ರಲ್ಲಿ ಶುರುವಾದ ವಿಜಯವಾಡ, ಇನ್ನೊಂದಿಷ್ಟು ತಿರುವಿದರೆ 1950ರಲ್ಲಿ ಶುರುವಾದ ಧಾರವಾಡ. ನಮ್ಮ ಎರಡೂ ನುಡಿಗಳನ್ನು ಒಂದೇ ಬಾಯಲ್ಲಿ ಆಡಿದ ಪೆಟ್ಟಿಗೆ ಅದು.

ಹಬ್ಬ ಬಂದಾಗ ಮನೆ ಸಾರಿಸುವವರು ಇದನ್ನೂ ಕೆಳಗಿಳಿಸುತ್ತಾರೆ. ಮರ ಬಿಳಿಚಿಕೊಂಡಿದೆ ಅಂತ ಅಡಿಗೆಮನೆಯ ಶೇಂಗಾ ಎಣ್ಣೆಯನ್ನೋ ಹರಳೆಣ್ಣೆಯನ್ನೋ ಬಟ್ಟೆಗೆ ಹಾಕಿ ತಿಕ್ಕುತ್ತಾರೆ. ಅವತ್ತೇನೋ ಪೆಟ್ಟಿಗೆ ಮದುಮಗನ ಹಾಗೆ ಮಿಂಚುತ್ತದೆ. ಎಂಟು ದಿನ ಬಿಟ್ಟು ಮುಟ್ಟಿ ನೋಡ್ರಿ: ಕೈಗೆ ಜಿಗುಟು, ಮೇಲೆಲ್ಲಾ ಧೂಳು, ಆಮೇಲೆ ಕಮಟು ವಾಸನೆ.

ಕಾರಣ ಇಷ್ಟೇ. ಎಣ್ಣೆಗಳಲ್ಲಿ ಎರಡು ಜಾತಿ. ಶೇಂಗಾ, ಕೊಬ್ಬರಿ, ಹರಳೆಣ್ಣೆಗಳು ಎಷ್ಟು ದಿನವಾದರೂ ಒಣಗಿ ಗಟ್ಟಿಯಾಗುವುದಿಲ್ಲ. ಅಗಸೆ ಎಣ್ಣೆಯ ಗುಣ ಬೇರೆ. ಅದು ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ತೆಳ್ಳನೆ ಪದರವಾಗಿ ಗಟ್ಟಿಯಾಗುತ್ತದೆ. ಮರಕ್ಕೆ ಬೇಕಾದದ್ದು ಈ ಒಣಗುವ ಎಣ್ಣೆ. ತೆಲುಗಿನವರು ಇದನ್ನು ಅವಿಸೆ ನೂನೆ ಅಂತಾರೆ. ಎರಡು ಭಾಷೆಯಲ್ಲೂ ಇದೇ ಹೆಸರಿನ ಮರವೊಂದುಂಟು, ಅದಲ್ಲ. ಚಟ್ನಿಪುಡಿ ಮಾಡುವ ಅಗಸೆ ಬೀಜದ ಎಣ್ಣೆ ಇದು.

ಹಾಗಂತ ಕಂಡ ಪೆಟ್ಟಿಗೆಗೆಲ್ಲಾ ಅಗಸೆ ಎಣ್ಣೆ ಸುರಿಯಬಾರದು. ಆ ಕಾಲದ ಪೆಟ್ಟಿಗೆಗಳಿಗೆ ಅರಗಿನ ಪಾಲಿಶನ್ನೋ ಲ್ಯಾಕರನ್ನೋ ಕೊಡುತ್ತಿದ್ದುದೇ ಹೆಚ್ಚು. ಆ ಪದರ ಗಟ್ಟಿಯಿದ್ದರೆ ಎಣ್ಣೆ ಮರದೊಳಕ್ಕೆ ಇಳಿಯುವುದೇ ಇಲ್ಲ, ಮೇಲೆಯೇ ಅಂಟಾಗಿ ನಿಲ್ಲುತ್ತದೆ. ಎಣ್ಣೆ ಬರಿಮರಕ್ಕೆ ಮಾತ್ರ. ಯಾವ ಪಾಲಿಶ್ ಅಂತ ತಿಳಿಯಲು ಪೆಟ್ಟಿಗೆಯ ಅಡಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಬಡಗಿಗಳು ಬಳಸುವ ಸ್ಪಿರಿಟನ್ನು ಒಂದು ಹನಿ ಹಚ್ಚಿರಿ. ಮೆತ್ತಗಾಗಿ ಅಂಟಿದರೆ ಅರಗು. ಸ್ಪಿರಿಟ್ಟಿಗೆ ಜಗ್ಗದೆ ಥಿನ್ನರಿಗೆ ಕರಗಿದರೆ ಲ್ಯಾಕರ್.

ಕೆಲಸಕ್ಕೆ ಮೊದಲು ಪ್ಲಗ್ ತೆಗೆದಿರಲಿ. ವಾಲ್ವ್ ರೇಡಿಯೋದ ಒಳಗಿನ ಕಂಡೆನ್ಸರುಗಳು ಕರೆಂಟ್ ಇಲ್ಲದಾಗಲೂ ಷಾಕ್ ಹೊಡೆಯಬಲ್ಲವು. ಆದ್ದರಿಂದ ಒಳಗಿನ ಯಂತ್ರವನ್ನು ತಿಳಿದ ಮೆಕ್ಯಾನಿಕ್ ಕೈಯಲ್ಲೇ ಹೊರಗೆ ತೆಗೆಸಿರಿ. ಸ್ಪೀಕರನ್ನೂ ಅದರ ಮುಂದಿನ ಬಟ್ಟೆಯನ್ನೂ ಬೇರೆ ಇಡಿರಿ. ಸ್ಪೀಕರಿನ ಕಾಗದಕ್ಕೆ ಎಣ್ಣೆ ತಾಕಿದರೆ ದನಿ ಕೆಡುತ್ತದೆ. ಸ್ಟೇಷನ್ ಹೆಸರು ಬರೆದ ಗಾಜಿನ ಹಿಂಬದಿಯನ್ನು ಒರೆಸಲೇಬೇಡಿರಿ, ಅಕ್ಷರ ಅಳಿಸಿಹೋದಾವು.

ಇನ್ನು ತೊಳೆಯುವ ಮಾತು. ನೀರು ಸುರಿಯಕೂಡದು. ಹೊರಗೆ ಕಾಣುವ ತೇಗ ಇಡೀ ಹಲಗೆಯಲ್ಲ. ಬಹಳಷ್ಟು ಪೆಟ್ಟಿಗೆಗಳಲ್ಲಿ ಅದು ಪ್ಲೈವುಡ್ಡಿನ ಮೇಲೆ ಅಂಟಿಸಿದ, ಒಂದು ಮಿಲಿಮೀಟರಿಗಿಂತ ತೆಳುವಾದ ಮರದ ಹಾಳೆ. ಹಳೇ ಅಂಟು ನೀರಿಗೆ ಬಿಟ್ಟುಕೊಂಡರೆ ಹಾಳೆ ರೊಟ್ಟಿಯಂತೆ ಉಬ್ಬುತ್ತದೆ. ಒಣ ಬ್ರಷ್ಷಿನಿಂದ ಧೂಳು ಕೊಡವಿ, ಟರ್ಪೆಂಟೈನ್ ತಾಕಿಸಿದ ಬಟ್ಟೆಯಿಂದ ಜಿಡ್ಡು ಒರೆಸಿರಿ. ಹಿಂದೆ ಹಚ್ಚಿದ ಶೇಂಗಾ ಎಣ್ಣೆಯ ಜಿಗುಟೂ ಇದರಲ್ಲೇ ಬಹುಮಟ್ಟಿಗೆ ಬಿಡುತ್ತದೆ.

ಜಿಡ್ಡು ಹೋದ ಮೇಲೆ ಹಳೇ ಪಾಲಿಶ್ ಚೆನ್ನಾಗಿ ಕಂಡರೆ ಕೆರೆಯಬೇಡಿರಿ. ಜೇನುಮೇಣವನ್ನು ಟರ್ಪೆಂಟೈನಿನಲ್ಲಿ ನೆನೆಹಾಕಿ ಕರಗಿಸಿ, ತೆಳ್ಳಗೆ ಸವರಿ, ಒಣಗಿದ ಮೇಲೆ ಹತ್ತಿಬಟ್ಟೆಯಿಂದ ಉಜ್ಜಿದರೆ ಸಾಕು. ಕರಗಲಿಲ್ಲ ಅಂತ ಒಲೆಯ ಮೇಲೆ ಇಡಕೂಡದು, ಟರ್ಪೆಂಟೈನಿಗೆ ಬೆಂಕಿ ಹತ್ತೀತು. ಅರಗಿನ ಪಾಲಿಶ್ ಸಣ್ಣಗೆ ಬಿರುಕು ಬಿಟ್ಟಿದ್ದರೆ ಬಡಗಿ ಸ್ಪಿರಿಟ್ ಉಂಡೆ ಆಡಿಸಿ ಅದನ್ನೇ ಕರಗಿಸಿ ಕೂಡಿಸಬಲ್ಲ. ಹಳೇ ಸಾಮಾನು ಕೊಳ್ಳುವ ವ್ಯಾಪಾರಸ್ಥರೂ ಮೂಲ ಮೆರುಗನ್ನೇ ಹುಡುಕುತ್ತಾರೆ. ಪೇಂಟ್ ಬಳಿದ ಪೆಟ್ಟಿಗೆಗೆ ಬೆಲೆ ಇಳಿಯುತ್ತದೆ.

ಪಾಲಿಶ್ ಪೂರಾ ಉದುರಿ ಬರಿಮರ ಕಂಡರೆ ಆಗ ಎಣ್ಣೆಯ ಸರದಿ. 320ನೇ ನಂಬರಿನ ಉಪ್ಪುಕಾಗದದಿಂದ ಮರದ ಗೆರೆಗುಂಟ ಹಗುರಾಗಿ ಉಜ್ಜಿ ಧೂಳು ತೆಗೆಯಿರಿ. ಒರಟು ಕಾಗದ ಹಾಕಿದರೆ ತೆಳುಹಾಳೆ ಹರಿದು ಪ್ಲೈವುಡ್ ಕಂಡೀತು. ಪೇಂಟ್ ಅಂಗಡಿಯಲ್ಲಿ ‘ಡಬಲ್ ಬಾಯಿಲ್ಡ್’ ಅಗಸೆ ಎಣ್ಣೆ ಸಿಗುತ್ತದೆ. ಅದರಲ್ಲಿ ಬೇಗ ಒಣಗುವ ಮದ್ದು ಬೆರೆತಿರುವುದರಿಂದ ಅಡಿಗೆಮನೆ ಹತ್ತಿರ ಇಡಬೇಡಿರಿ. ಮೊದಲ ಸಲ ಎಣ್ಣೆ, ಟರ್ಪೆಂಟೈನ್ ಸಮಪಾಲು. ಬಟ್ಟೆಯಲ್ಲಿ ಹಚ್ಚಿ, ಕಾಲು ಗಂಟೆ ಬಿಟ್ಟು, ಮೇಲೆ ನಿಂತದ್ದನ್ನೆಲ್ಲ ಒರೆಸಿ ತೆಗೆಯಿರಿ. ಒರೆಸದೆ ಬಿಟ್ಟರೆ ಮತ್ತೆ ಅದೇ ಜಿಗುಟು. ನೆರಳಲ್ಲಿ, ಗಾಳಿಯಾಡುವ ಕಡೆ ಇಟ್ಟು, ಒಂದೆರಡು ದಿನ ಬಿಟ್ಟು ಎರಡನೇ ಸಲ, ಹಾಗೇ ಮೂರನೇ ಸಲ. ಮರದ ಬಣ್ಣ ಸ್ವಲ್ಪ ಕಪ್ಪೇರುವುದು ಸಹಜ. ನಮ್ಮಲ್ಲಿ ಆತುರಗಾರನಿಗೆ ಬುದ್ಧಿ ಮಟ್ಟ ಅಂತೇವೆ, ತೆಲುಗಿನಲ್ಲಿ ನಿದಾನಮೇ ಪ್ರಧಾನಂ ಅಂತಾರೆ. ಈ ಕೆಲಸಕ್ಕೆ ಎರಡೂ ಒಪ್ಪುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಎಣ್ಣೆ ಒರೆಸಿದ ಬಟ್ಟೆಯ ಸಂಗತಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ಆ ಶಾಖ ಹೊರಗೆ ಹೋಗದೆ ಒಳಗೇ ಏರಿ, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ಮೇವಿನ ಬಣವೆ, ಶೇಂಗಾ ಹೊಟ್ಟು ಪಕ್ಕದಲ್ಲೇ ಇರುವ ನಮ್ಮಂಥ ರೈತರ ಮನೆಯಲ್ಲಿ ಇದು ತಮಾಷೆ ಮಾತಲ್ಲ. ಕೆಲಸ ಮುಗಿದ ಕೂಡಲೇ ಬಟ್ಟೆಗಳನ್ನು ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿರಿ. ಇಲ್ಲವೇ ಮನೆ, ಕೊಟ್ಟಿಗೆಯಿಂದ ದೂರ ಬಯಲಲ್ಲಿ ಒಂದೊಂದಾಗಿ ಹರವಿ, ಗಟ್ಟಿಯಾಗಿ ಒಣಗಿದ ಮೇಲೆ ಬಿಸಾಡಿರಿ.

ಶೇಂಗಾ ಕಿತ್ತು ಒಟ್ಟಿದ ಮೇಲೆ ಕೈಗೆ ನಾಲ್ಕು ದಿನ ಬಿಡುವು ಸಿಕ್ಕೇ ಸಿಗುತ್ತದೆ. ಆಗ ಪೆಟ್ಟಿಗೆ ಇಳಿಸಿರಿ, ಮೊಮ್ಮಕ್ಕಳನ್ನೂ ಪಕ್ಕದಲ್ಲಿ ಕೂಡಿಸಿಕೊಳ್ಳಿರಿ. ಗಾಜಿನ ಮೇಲಿನ ಊರುಗಳ ಹೆಸರು ಓದಿಸುತ್ತಾ, ಯಾವ ಊರಿನಿಂದ ಯಾವ ಭಾಷೆ ಬರುತ್ತಿತ್ತು ಅಂತ ಹೇಳಿರಿ. ಕೆಲಸವೂ ಸಾಗುತ್ತದೆ, ಅವರಿಗೂ ನಮ್ಮ ಸೀಮೆಯ ಕಥೆ ತಿಳಿಯುತ್ತದೆ.